ಹೆಡ್ಡರ್ ಹಾಕಿಸಿದ ಅಂಬಾಸಿಡರ್

ಹೊಂಗನೂರಿಗೆ ಬಂದು ದೇವರಾಜು ಮನೆ ಯಾವುದು ಎಂದು ಕೇಳಿದರೆ ಜನ ಸ್ವಲ್ಪ ಯೋಚಿಸುತ್ತಾರೆ. ಆ ಹೆಸರಿನವರು ಊರಲ್ಲಿ ಕೆಲವರಿದ್ದಾರೆ. ಅಂಬಾಸಿಡರ್ ದೇವರಾಜಣ್ಣ ಎಂದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲವರೆಗೂ ಬಂದು ತೋರಿಸಿ ಹೋಗುತ್ತಾರೆ. ಊರಿನ ಎಷ್ಟೋ ಮದುವೆಹೆಣ್ಣುಗಳು ಆ ಕೆನೆಬಣ್ಣದ ಕಾರಿನಲ್ಲೇ ಛತ್ರಕ್ಕೆ ಹೋಗಿದ್ದಾರೆ. ಹೆರಿಗೆ ನೋವು ಬಂದವರನ್ನು ಚನ್ನಪಟ್ಟಣಕ್ಕೆ ಮುಟ್ಟಿಸಿದ್ದೂ ಅದೇ ಕಾರು. ಒಮ್ಮೆ ಆಸ್ಪತ್ರೆಯ ಗೇಟಿನ ಮುಂದೆ, ಹಿಂದಿನ ಸೀಟಿನಲ್ಲೇ, ಒಂದು ಗಂಡುಮಗು ಹುಟ್ಟಿತ್ತು. ಆ ಹುಡುಗ ಈಗ ಬಿಡದಿಗೆ ಕೆಲಸಕ್ಕೆ ಹೋಗುತ್ತಾನೆ. ಕಾರು ಎದುರು ಸಿಕ್ಕಾಗಲೆಲ್ಲ ಬಾನೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡು ನಗುತ್ತಾನೆ.

ಕಾರು ಮೊದಲಿಗೆ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಫಿಲೇಚರ್ ಇಟ್ಟುಕೊಂಡಿದ್ದ ಒಬ್ಬ ಸಾಹುಕಾರರದು. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲೇ ದೇವರಾಜು ಅವರ ಬಳಿ ಡ್ರೈವರ್ ಆಗಿ ಸೇರಿದ್ದ. ಬೆಳಿಗ್ಗೆ ಗೂಡಿನ ಮಾರುಕಟ್ಟೆ, ಮಧ್ಯಾಹ್ನ ಫಿಲೇಚರು, ಸಂಜೆ ಬೆಂಗಳೂರಿನ ನೂಲು ವ್ಯಾಪಾರಿಗಳ ಬಾಗಿಲು. ಸಾಹುಕಾರರು ಹೊಸ ಕಾಲದ ಕಾರು ತಂದಾಗ ಹಳೆಯದನ್ನು ಗುಜರಿಗೆ ಹಾಕಲು ಮನಸ್ಸಾಗದೆ ಅವನಿಗೇ ಬಿಟ್ಟುಕೊಟ್ಟರು. ದೇವರಾಜು ಅದನ್ನು ಚನ್ನಪಟ್ಟಣದ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಬಾಡಿಗೆ ಓಡಿಸಿದ. ಅದರಲ್ಲೇ ಮನೆ ನಡೆಯಿತು, ಮಗಳು ಭಾನುಪ್ರಿಯ ಓದಿ ಮಾಗಡಿಯಲ್ಲಿ ಟೀಚರಾದಳು. ಎಕ್ಸ್‌ಪ್ರೆಸ್ ಹೈವೇ ಆದಮೇಲೆ ಸ್ಟ್ಯಾಂಡಿನ ಕಡೆ ಬರುವವರೇ ಕಡಿಮೆಯಾದರು. ಅಷ್ಟು ಹೊತ್ತಿಗೆ ಅವನಿಗೂ ಅರವತ್ತಾಗಿತ್ತು. ಬಾಡಿಗೆ ಬಿಟ್ಟು ಹಿಪ್ಪುನೇರಳೆ ತೋಟ, ಹತ್ತಾರು ತೆಂಗಿನ ಮರ ನೋಡಿಕೊಂಡು ಇದ್ದುಬಿಟ್ಟ. ಕಾರನ್ನು ಮಾತ್ರ ದಿನಕ್ಕೊಂದು ಸಲವಾದರೂ ಹೊರಗೆ ತೆಗೆಯದಿದ್ದರೆ ಊಟ ಸೇರುತ್ತಿರಲಿಲ್ಲ.

ಅವನು ಗಾಡಿ ಓಡಿಸುತ್ತಿದ್ದದ್ದು ಕಿವಿಯಿಂದ. ಮೀಟರುಗಳ ಕಡೆ ನೋಡುತ್ತಿದ್ದವನೇ ಅಲ್ಲ. ಇಂಜಿನ್ನಿನ ದನಿ ಏರುತ್ತಾ ಹೋಗಿ ಒಂದು ಹದಕ್ಕೆ ಬಂದಾಗ ಕೈ ತಾನಾಗಿ ಗೇರಿನ ಕಡ್ಡಿಗೆ ಹೋಗುತ್ತಿತ್ತು. ಹಿಂದೆ ಕೂತವರಿಗೆ ಗೇರು ಬದಲಾಯಿಸಿದ್ದೇ ಗೊತ್ತಾಗುತ್ತಿರಲಿಲ್ಲ. ಚನ್ನಪಟ್ಟಣದ ಹಳೇ ಮೈಸೂರು ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದ ಸಮದ್, ಯಾವುದಾದರೂ ಗಾಡಿಯ ಸದ್ದು ತನಗೆ ಬಗೆಹರಿಯದಿದ್ದರೆ ಸ್ಟ್ಯಾಂಡಿಗೆ ಹೇಳಿ ಕಳಿಸುತ್ತಿದ್ದ. ದೇವರಾಜು ಹೋಗಿ, ಬಾನೆಟ್ಟಿನ ಮೇಲೆ ಕೈಯೂರಿ, ಕಣ್ಣು ಮುಚ್ಚಿ ಕೇಳಿ, ಇಂಥ ಕಡೆ ಲೂಸು ಎಂದು ಹೇಳಿ, ಒಂದು ಟೀ ಕುಡಿದು ಬರುತ್ತಿದ್ದ.

ಆ ಕಿವಿ ಯಾವಾಗ ಕೈಕೊಡಲು ಶುರುಮಾಡಿತೋ ಅವನಿಗೂ ಗೊತ್ತಾಗಲಿಲ್ಲ. ಫೋನಿನಲ್ಲಿ ಮಗಳ ಮಾತು ಮೊದಲು ಮಸುಕಾಯಿತು. ಈಗಿನ ಫೋನುಗಳೇ ಹೀಗೆ ಎಂದು ಬೈದುಕೊಂಡು, ರಿಂಗಾದಾಗಲೆಲ್ಲ ಹೆಂಡತಿ ಕಾವೇರಮ್ಮನ ಕೈಗೆ ಕೊಡುವುದನ್ನು ರೂಢಿ ಮಾಡಿಕೊಂಡ. ಆಮೇಲೆ ಟೀ ಅಂಗಡಿಯ ಮಾತುಗಳು. ನಾಲ್ಕು ಜನ ನಕ್ಕಾಗ ಅವನೂ ನಕ್ಕ. ಯಾತಕ್ಕೆ ಎಂದು ತಿಳಿಯದೆ ನಗುವುದು ಕಷ್ಟವಾದಾಗ ತಾನೇ ಹೆಚ್ಚು ಮಾತಾಡತೊಡಗಿದ. ತಾನು ಮಾತಾಡುತ್ತಿದ್ದರೆ ಯಾರೂ ಏನೂ ಕೇಳುವುದಿಲ್ಲವಲ್ಲ. ಕೊನೆಗೆ ಅದೂ ಬೇಸರವಾಗಿ ಟೀ ಅಂಗಡಿಗೆ ಹೋಗುವುದನ್ನೇ ಬಿಟ್ಟ. ದೇವರಾಜಣ್ಣ ಈಚೆಗೆ ಮಾತಾಡಿಸಿದರೂ ಮಾತಾಡುವುದಿಲ್ಲ, ಮಗಳು ಗೌರ್ಮೆಂಟ್ ಟೀಚರಲ್ಲವೇ ಎಂದು ಕೆಲವರು ಆಡಿಕೊಂಡರು. ಕಾವೇರಮ್ಮ ಎಲ್ಲಿಗೆ ಹೋದರೂ ಅವನ ಪಕ್ಕದಲ್ಲಿ ನಿಂತು, ಯಾರಾದರೂ ಏನಾದರೂ ಕೇಳಿದರೆ ಅದನ್ನೇ ಜೋರಾಗಿ ತಾನೊಂದು ಸಲ ಹೇಳುತ್ತಿದ್ದಳು, ತನ್ನ ಪಾಡಿಗೆ ಹೇಳಿಕೊಳ್ಳುವವಳಂತೆ. ಅವನಿಗೆ ಕಿವುಡು ಎಂಬ ಮಾತು ಅವಳ ಬಾಯಿಂದ ಒಮ್ಮೆಯೂ ಬಂದಿರಲಿಲ್ಲ.

ಒಂದು ದಿನ ಚನ್ನಪಟ್ಟಣದಿಂದ ಊರಿಗೆ ಬರುತ್ತಿದ್ದಾಗ ಹಿಂದಿನಿಂದ ಟಿವಿಎಸ್ ಮೇಲೆ ಬಂದವನೊಬ್ಬ ಪಕ್ಕಕ್ಕೆ ಬಂದು ಕೈಯಾಡಿಸಿ ಏನೋ ಕೂಗಿದ. ದೇವರಾಜು ಗಾಡಿ ನಿಲ್ಲಿಸಿ ಇಳಿದ. ಬಾನೆಟ್ಟಿನ ಸಂದಿನಿಂದ ಆವಿ ಏಳುತ್ತಿತ್ತು. ಆಗ ನೋಡಿಕೊಂಡ: ಚನ್ನಪಟ್ಟಣ ದಾಟಿದಾಗಿನಿಂದ ಎರಡನೇ ಗೇರಿನಲ್ಲೇ ಬಂದಿದ್ದ. ಇಂಜಿನ್ನು ಕಿರುಚಿಕೊಂಡಿರಬೇಕು, ಅವನಿಗೆ ಕೇಳಿಸಿರಲಿಲ್ಲ. ರೇಡಿಯೇಟರು ಆರುವವರೆಗೆ ಹುಣಸೆಮರದ ನೆರಳಿನಲ್ಲಿ ಕೂತ. ಕೂತಷ್ಟು ಹೊತ್ತೂ ಒಂದೇ ಮಾತನ್ನು ತನಗೆ ತಾನೇ ಹೇಳಿಕೊಂಡ. ಗಾಡಿಯ ದನಿ ಉಡುಗಿದೆ. ಸೈಲೆನ್ಸರ್ ಕಟ್ಟಿಕೊಂಡಿದೆ. ಹಳೇ ಗಾಡಿ, ಆಗದೇ ಇರುತ್ತದೆಯೇ.

ಮಾರನೆಯ ದಿನ ಸಮದ್ ಗ್ಯಾರೇಜಿಗೆ ಹೋದ. ಸಮದ್ ಕೆಳಗೆ ತೂರಿ ನೋಡಿ, ಸೈಲೆನ್ಸರ್ ಚೆನ್ನಾಗಿಯೇ ಇದೆ ಎಂದ. ದೇವರಾಜು ಒಪ್ಪಲಿಲ್ಲ. ಅವನ ಕಣ್ಣು ಗೋಡೆಯ ಮೊಳೆಗೆ ನೇತುಹಾಕಿದ್ದ ಪೈಪುಗಳ ಮೇಲೆ ಬಿದ್ದಿತ್ತು. ಹಾವುಗಳು ಹೆಣೆದುಕೊಂಡಂತೆ ಮೂರು ಬಾಗಿದ ಪೈಪುಗಳು ಕೆಳಗೆ ಬಂದು ಒಂದಾಗಿದ್ದವು.

"ಅದೇನಪ್ಪಾ ಅದು, ಸಮದ್?"

"ಹೆಡ್ಡರ್ ಅಣ್ಣ," ಎಂದು ಸಮದ್ ಎದ್ದು ಅವನ ಮುಂದೆ ಬಂದು ನಿಂತ. ವಾಡಿಕೆಯಂತೆ ಜೋರಾಗಿಯೇ ಮಾತಾಡುವ ಮನುಷ್ಯ, ಗ್ಯಾರೇಜಿನವರೆಲ್ಲ ಹಾಗೆಯೇ. "ಹಳೇ ಕಾರ್ ಹುಚ್ಚಿರೋ ಒಬ್ರು ಅಂಬಾಸಿಡರ್‌ಗೆ ಅಂತ ಮಾಡಿಸ್ಕಂಡು ಬಂದಿದ್ರು. ಆಮ್ಯಾಕೆ ಕಾರೇ ಮಾರ್ಬುಟ್ರು. ನಿಮ್ ಗಾಡೀಲಿ ಇಂಜಿನ್ ಬಾಯಿಗೆ ಎರಕದ್ದು ಗಿಡ್ಡ ಮೆನಿಫೋಲ್ಡ್ ಐತಲ್ಲ, ಅದರ ಬದ್ಲು ಇದು. ಒಂದೊಂದು ಬಾಯಿಗೂ ಒಂದೊಂದು ಪೈಪು. ಹೊಗೆ ಸಲೀಸಾಗಿ ಹೋಯ್ತದೆ, ಗಾಡಿ ಚೆನ್ನಾಗಿ ಎಳೀತದೆ."

"ಸೌಂಡು?"

"ಅದೇ ತಾಪತ್ರಯ. ಸೌಂಡು ಜಾಸ್ತಿ. ಕೆಳಗೆ ಸೈಲೆನ್ಸರೂ ದೊಡ್ಡ ಪೈಪಿಂದು ಹಾಕ್ಬೇಕು, ಅದು ಅಷ್ಟು ತಡೆಯಲ್ಲ. ಹುಡುಗ್ರ ಶೋಕಿ ಇದು, ನಿಮ್ಗ್ಯಾಕೆ?"

"ಸೌಂಡೇ ಬೇಕಾಗಿರೋದು ನಂಗೆ. ಹಾಕು," ಎಂದ ದೇವರಾಜು.

ಕೆಲಸ ಹೇಳಿದಷ್ಟು ಸುಲಭವಾಗಿರಲಿಲ್ಲ. ಮೆನಿಫೋಲ್ಡನ್ನು ಇಂಜಿನ್ನಿಗೆ ಬಿಗಿದಿದ್ದ ನಟ್ಟುಗಳು ತುಕ್ಕು ತಿಂದು ಇಂಜಿನ್ನಿನ ಜೊತೆಗೇ ಹುಟ್ಟಿದವರಂತೆ ಕೂತಿದ್ದವು. ಸಮದ್ ಅವಕ್ಕೆ ಎಣ್ಣೆ ಕುಡಿಸಿ, ಒಂದಿಡೀ ದಿನ ಹಾಗೆಯೇ ಬಿಟ್ಟು, ಆಮೇಲೆ ಗ್ಯಾಸಿನ ಬೆಂಕಿ ತೋರಿಸಿ ಬಿಚ್ಚಿದ. ನಟ್ಟು ಕೂರುವ ಒಂದು ಸ್ಟಡ್ಡು ಬುಡಕ್ಕೇ ಮುರಿಯಿತು. ಅದನ್ನು ಕೊರೆದು ತೆಗೆಯುವಾಗ ದೇವರಾಜು ತನ್ನ ಹಲ್ಲನ್ನೇ ಯಾರೋ ಕೀಳುತ್ತಿರುವಂತೆ ಮುಖ ಕಿವಿಚಿಕೊಂಡು ನಿಂತಿದ್ದ. ಹಳೇ ಗ್ಯಾಸ್ಕೆಟ್ಟಿನ ಚೂರುಗಳನ್ನು ಬ್ಲೇಡಿನಲ್ಲಿ ಕೆರೆದು ತೆಗೆದದ್ದು ಅವನೇ.

ಹೊಸ ಪೈಪುಗಳನ್ನು ಕೆಳಗಿನಿಂದ ತೂರಿಸಿ ಕೂರಿಸಿದಾಗ ಇನ್ನೊಂದು ತೊಡಕು ಬಂತು. ಆ ಇಂಜಿನ್ನಿನಲ್ಲಿ ಪೆಟ್ರೋಲು ಒಳಗೆ ಹೋಗುವ ಕೊಳವೆಯನ್ನೂ ಹೊಗೆ ಹೊರಗೆ ಬರುವ ಕೊಳವೆಯನ್ನೂ ಅಕ್ಕಪಕ್ಕ ಇಟ್ಟು, ಎರಡಕ್ಕೂ ಸೇರಿಸಿ ಒಂದೇ ನಟ್ಟು, ಒಂದೇ ದಪ್ಪ ವಾಷರು ಬಿಗಿಯುತ್ತಾರೆ. ಹೆಡ್ಡರಿನ ಅಂಚು ಹಳೆಯದಕ್ಕಿಂತ ತೆಳ್ಳಗಿತ್ತು. ವಾಷರು ಒಂದು ಕಡೆಗೆ ಒರಗಿ, ಆ ಕಡೆ ಬಿಗಿಯಾದರೆ ಈ ಕಡೆ ಸಡಿಲವಾಗುತ್ತಿತ್ತು. ಸಮದ್ ಪಕ್ಕದ ಲೇತಿನವನ ಹತ್ತಿರ ಮೆಟ್ಟಿಲಿನಂತೆ ಒಂದು ಬದಿ ದಪ್ಪ, ಒಂದು ಬದಿ ತೆಳುವಾದ ವಾಷರುಗಳನ್ನು ಮಾಡಿಸಿಕೊಂಡು ಬಂದ. ಈ ಓಡಾಟದಲ್ಲಿ ಕೆಲವು ದಿನ ಹೋದವು. ದೇವರಾಜು ಪ್ರತಿದಿನ ಬಸ್ಸು ಹತ್ತಿ ಬಂದು, ಜಾಕಿಯ ಮೇಲೆ ಮೂಗೆತ್ತಿಕೊಂಡು ನಿಂತ ತನ್ನ ಕಾರಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಿದ್ದ. ಎಷ್ಟೋ ವರ್ಷದ ಮೇಲೆ ಅವನ ಮುಖದಲ್ಲಿ ಗೆಲುವು ಕಂಡಿತ್ತು.

ಸ್ಟಾರ್ಟ್ ಮಾಡುವ ದಿನ ಬಂತು. ಕೀಲಿ ತಿರುಗಿಸಿದ್ದು ದೇವರಾಜುವೇ. ಮೊದಲು ಹೊಸ ಪೈಪಿಗೆ ಬಳಿದಿದ್ದ ಬಣ್ಣ ಕಾದು ಹೊಗೆಯಾಡಿತು. ಅವನು ಕಾಲು ಸ್ವಲ್ಪ ಒತ್ತಿದ. ಗ್ಯಾರೇಜಿನ ತಗಡಿನ ಮಾಡು ಅದುರಿತು. ಎದುರಿನ ಗೊಂಬೆ ಅಂಗಡಿಯವರು ಹೊರಗೆ ಬಂದು ನೋಡಿದರು. ಪಂಕ್ಚರ್ ಅಂಗಡಿಯವನು ಕಿವಿ ಮುಚ್ಚಿಕೊಂಡ. ದೇವರಾಜುವಿಗೆ ಆ ದನಿ ದೂರದಿಂದ ಬರುವ ಗುಡುಗಿನಂತೆ, ದಪ್ಪಗೆ, ಅಂಗಾಲಿನಿಂದ ಎದೆಗೆ ಹತ್ತಿ ಬಂತು. ಕೇಳಿಸಿತು. ಏರುವುದೂ ಇಳಿಯುವುದೂ ಕೇಳಿಸಿತು. ಅವನ ಕಣ್ಣಲ್ಲಿ ನೀರು ಬಂತು. ಹೊಗೆಗೆ ಎಂದುಕೊಂಡು ಒರೆಸಿಕೊಂಡ.

ಸಮದ್ ಬಾನೆಟ್ಟಿನ ಒಳಗೆ ಬಗ್ಗಿ ಕಿವಿ ಕೊಟ್ಟಿದ್ದ. ಎಲ್ಲೋ ಒಂದು ಕಡೆ ಸಣ್ಣಗೆ ಟಿಕ್ ಟಿಕ್ ಎಂದು ಗಾಳಿ ಸೋರುತ್ತಿತ್ತು. ಅವನು ಹಳೇ ರೂಢಿಯಂತೆ ಕೈಬೀಸಿ ದೇವರಾಜುವನ್ನು ಕರೆದ.

"ಒಸಿ ಕೇಳಿ ಅಣ್ಣ. ಲೀಕು ಯಾವ ಪೈಪಲ್ಲಿ ಐತೆ ಹೇಳಿ. ಮುಂದಿಂದಾ, ಹಿಂದಿಂದಾ?"

ದೇವರಾಜು ಬಾನೆಟ್ಟಿನ ಮೇಲೆ ಕೈಯೂರಿ ಕಣ್ಣು ಮುಚ್ಚಿದ. ಬಹಳ ಹೊತ್ತು ಹಾಗೆಯೇ ನಿಂತ. ಆಮೇಲೆ ನಕ್ಕು, "ಚೆನ್ನಾಗೈತೆ ಕಣಪ್ಪಾ. ಹಾಲು ಕುಡ್ದಂಗೆ ಐತೆ," ಎಂದ.

ಸಮದ್ ಅವನ ಮುಖವನ್ನೇ ನೋಡಿದ. "ಹೂಂ ಅಣ್ಣ, ಚೆನ್ನಾಗೈತೆ," ಎಂದ. ದೇವರಾಜು ಟೀ ಹೇಳಲು ಹೋದಾಗ ಒದ್ದೆ ಬಟ್ಟೆಯ ತುದಿಯನ್ನು ಕೀಲುಗಳ ಹತ್ತಿರ ಹಿಡಿದು, ಬಟ್ಟೆ ಅದುರಿದ ಕಡೆ ನಟ್ಟನ್ನು ಇನ್ನೊಂದು ಸುತ್ತು ಬಿಗಿದ.

ಕಾರು ಊರಿಗೆ ಬಂದ ದಿನ ಹೊಂಗನೂರಿನವರು ಟ್ರ್ಯಾಕ್ಟರೋ ಲಾರಿಯೋ ಎಂದು ಬಾಗಿಲಿಗೆ ಬಂದರು. ಕೆನೆಬಣ್ಣದ ಅಂಬಾಸಿಡರು ಗುಡುಗುತ್ತಾ ಬೀದಿಗೆ ಬಂತು, ಒಳಗೆ ದೇವರಾಜಣ್ಣ ನೆಟ್ಟಗೆ ಕೂತಿದ್ದ. ಕಟ್ಟಿದ್ದ ಎಮ್ಮೆಗಳು ಹಗ್ಗ ಜಗ್ಗಿದವು. ಮೊದಲ ವಾರ ಎಲ್ಲರೂ ನಕ್ಕರು. ಆಮೇಲೆ ನಗಲಿಲ್ಲ. ಅವನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಕೆಲಸವಿಲ್ಲದಿದ್ದರೂ ಹೊರಡುತ್ತಿದ್ದ. ಇಷ್ಟು ವಯಸ್ಸಾದಮೇಲೆ ಶೋಕಿ ಎಂದು ಹಿರಿಯರು ಬೈದರು. ಬೈದದ್ದು ಅವನಿಗೆ ಕೇಳಿಸಲಿಲ್ಲ.

ಚನ್ನಪಟ್ಟಣದಲ್ಲಿ ಒಮ್ಮೆ ಟ್ರಾಫಿಕ್ ಕಾನ್‌ಸ್ಟೇಬಲ್ ಕೈ ಅಡ್ಡ ಹಾಕಿದ. ಕಾವೇರಮ್ಮ ಹಿಂದಿನ ಸೀಟಿನಲ್ಲಿದ್ದಳು.

"ಏನ್ರೀ ಇದು ಸೌಂಡು?"

"ಎಂಬತ್ತನೇ ಇಸ್ವೀದು ಸಾರ್," ಎಂದ ದೇವರಾಜು ಹೆಮ್ಮೆಯಿಂದ. "ಮೊದ್ಲು ನಮ್ ಸಾಹುಕಾರ್ರು ಇಟ್ಕಂಡಿದ್ರು."

"ನಾನು ಕೇಳ್ತಿರೋದು ಸೌಂಡು. ತಮಾಷೆ ಮಾಡ್ತಿದೀರಾ?"

"ಇಲ್ಲ ಸಾರ್, ಮಾರಾದಿಲ್ಲ."

ಕಾವೇರಮ್ಮ ತಲೆ ಹೊರಗೆ ಹಾಕಿ, "ಸ್ವಾಮಿ, ಅವ್ರಿಗೆ ಒಸಿ..." ಎಂದು ತನ್ನ ಕಿವಿಯ ಹತ್ತಿರ ಕೈಯಾಡಿಸಿದಳು. ಕಾನ್‌ಸ್ಟೇಬಲ್ ಅವಳನ್ನೂ ಅವನನ್ನೂ ನೋಡಿ, ಸೈಲೆನ್ಸರ್ ಸರಿಮಾಡಿಸಲು ಹೇಳಿ ಬಿಟ್ಟ. ಗಾಡಿ ಮುಂದೆ ಹೋದಮೇಲೆ ದೇವರಾಜು ನಗುತ್ತಾ ಹೇಳಿದ: "ಅವಂಗೂ ನಮ್ ಕಾರು ಬೇಕಂತೆ ನೋಡು." ಕಾವೇರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯಾಚೆ ನೋಡಿದಳು. ಗಂಡನಿಲ್ಲದ ಕಡೆ ಅವನ ಕಿವಿಯ ಬಗ್ಗೆ ಅವಳು ಯಾರಿಗೂ ಹೇಳಿರಲಿಲ್ಲ. ಈಗ ಅವನ ಬೆನ್ನ ಹಿಂದೆಯೇ, ಕೈಸನ್ನೆಯಲ್ಲಿ, ದಾರಿಯಲ್ಲಿ ಹೋಗುವವನಿಗೆ ಹೇಳಿಬಿಟ್ಟಿದ್ದಳು.

ಮನೆಯ ಪಕ್ಕದಲ್ಲೇ ದೇವರಾಜುವಿನ ತಮ್ಮನ ಮನೆ. ತಮ್ಮ ಬಿಡದಿಯ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದುದರಿಂದ ರೇಷ್ಮೆ ಹುಳು ಸಾಕುವುದೆಲ್ಲ ಅವನ ಹೆಂಡತಿ ಪ್ರತಿಮಾಳ ಪಾಲಿನದು. ಅವಳ ಹುಳುಮನೆಯ ಗೋಡೆ ಬೀದಿಗೆ ತಾಗಿಕೊಂಡಿತ್ತು. ಹುಳುಮನೆಯ ಹತ್ತಿರ ಗದ್ದಲ ಮಾಡಬಾರದು, ಹೊಗೆ ಆಡಿಸಬಾರದು ಎಂದು ಆ ಕಡೆಯ ಹೆಂಗಸರು ಬಹಳ ನಿಯಮ ಇಟ್ಟುಕೊಂಡಿರುತ್ತಾರೆ. ಹುಳುಗಳು ನಾಲ್ಕನೇ ಜ್ವರಕ್ಕೆ ಕೂತು, ತಿನ್ನದೆ ಅಲುಗದೆ ತಲೆಯೆತ್ತಿಕೊಂಡು ಪೊರೆ ಬಿಡುವ ಹೊತ್ತಿಗೆ ದಿನಕ್ಕೆರಡು ಸಲ ಗೋಡೆ ಅದುರುತ್ತಿತ್ತು. ಗಂಡನ ಅಣ್ಣನಿಗೆ ಎದುರು ನಿಂತು ಹೇಳುವುದು ಹೇಗೆ? ಪ್ರತಿಮಾ ಕಾವೇರಮ್ಮನ ಹತ್ತಿರ ಬಂದಳು.

"ಅಕ್ಕ, ತಪ್ಪು ತಿಳ್ಕಬೇಡಿ. ಈ ಬೆಳೆ ಒಂದು ಆಗೋಗಂಟ ಬಾವ ಗಾಡಿನ ಸ್ಕೂಲ್ ತಾವ್ಲೇ ನಿಲ್ಸಿದ್ರೆ... ನಂಗೆ ಅವ್ರ್ ಮುಂದೆ ಹೇಳಕ್ಕೆ ಬಾಯಿ ಬರಲ್ಲ."

"ಹೇಳುದ್ರೂ ಕೇಳುಸಬೇಕಲ್ಲ ಕನವ್ವ," ಎಂದಳು ಕಾವೇರಮ್ಮ. ಬಾಯಿಂದ ಮಾತು ಬಂದಮೇಲೆ ಅವಳಿಗೇ ಗಾಬರಿಯಾಯಿತು.

ಅವತ್ತು ಮಧ್ಯಾಹ್ನ ಗಂಡ ಉಂಡು ಜಗಲಿಯಲ್ಲಿ ಕೂತಾಗ ಅವಳು ಬಂದು ಅವನ ಎದುರಿಗೇ, ಮುಖ ಕಾಣುವಂತೆ ಕೂತಳು. ಪ್ರತಿಮಾ ಹೇಳಿದ್ದನ್ನು ಹೇಳಿದಳು. ಅವನಿಗೆ ಅರ್ಧ ತಿಳಿಯಿತು.

"ಹುಳಕ್ಕೆ ಏನಾಯ್ತದೆ? ಅಂಥ ದೊಡ್ಡ ಸದ್ದೇನಲ್ಲ ಅದು."

"ನಿಮ್ಗೆ ಕಿವಿ ಕೇಳ್ಸಲ್ಲ," ಎಂದಳು ಕಾವೇರಮ್ಮ.

"ಯಾರಂದೋರು?"

"ನಾನಂತೀನಿ."

ದೇವರಾಜುವಿನ ಮುಖ ಕಪ್ಪಿಟ್ಟಿತು. "ಕೇಳುಸ್ತದೆ. ಕಾರು ಕೇಳುಸ್ತದೆ ನಂಗೆ, ಚೆನ್ನಾಗಿ."

"ಕಾರು ಹೊಂಗನೂರಿಗೆಲ್ಲ ಕೇಳುಸ್ತದೆ. ನಾನು ಕೇಳುಸ್ತೀನಾ? ನಿಮ್ ಮಗಳು ಕೇಳುಸ್ತಾಳಾ? ಅಪ್ಪಂಗೆ ಕೊಡವ್ವ ಫೋನ ಅಂತ ಎಷ್ಟ್ ದಿನ ಅತ್ತವ್ಳೆ ಗೊತ್ತಾ?"

ಅವಳು ಕೂಗಲಿಲ್ಲ. ಮಾಮೂಲಿಗಿಂತ ಮೆಲ್ಲಗೆ ಹೇಳಿದಳು. ಅವನು ಅವಳ ತುಟಿಗಳನ್ನೇ ನೋಡುತ್ತಿದ್ದ. ಎದ್ದು ಟವೆಲ್ಲು ಹೆಗಲ ಮೇಲೆ ಹಾಕಿಕೊಂಡು ತೋಟಕ್ಕೆ ಹೊರಟುಹೋದ. ಸಂಜೆಯಾದಮೇಲೆ ಬಂದು, ಮುದ್ದೆ ಉಂಡು ಮಲಗಿದ.

ಆದರೆ ಮಾರನೆಯ ದಿನದಿಂದ ಕಾರನ್ನು ಸ್ಕೂಲಿನ ಬಯಲಿನಲ್ಲೇ ಬಿಟ್ಟು ನಡೆದು ಬಂದ. ಹೆಂಡತಿಯ ಮಾತಿಗೆ ಒಪ್ಪಿದ್ದೇನಲ್ಲ, ತಮ್ಮನ ಮನೆಯ ಬೆಳೆ ಎಂದು. ಹಾಗೆ ನಡೆದು ಬರುತ್ತಿದ್ದ ಒಂದು ಬೆಳಿಗ್ಗೆ ಪ್ರತಿಮಾ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಹುಳುಮನೆಯ ಬಾಗಿಲಲ್ಲಿ ನಿಂತಿದ್ದಳು. ಚಿಲಕ ತೆಗೆಯಲು ಕೈ ಬಿಡುವಿರಲಿಲ್ಲ. ದೇವರಾಜು ಚಿಲಕ ತೆಗೆದು, ಹೊರೆಯನ್ನು ತಾನೇ ಇಸಿದುಕೊಂಡು ಒಳಗೆ ಇಟ್ಟ. ಹುಳುಗಳು ಜ್ವರ ಕಳೆದು ಎದ್ದಿದ್ದವು. ಬೆರಳುದ್ದ ಬೆಳೆದು, ಬೆಳ್ಳಗೆ, ಅಟ್ಟಣೆಯ ಮೇಲಿಂದ ಕೆಳಗಿನವರೆಗೂ ಹರಡಿದ್ದವು. ಪ್ರತಿಮಾ ಸೊಪ್ಪಿನ ಕಡ್ಡಿಗಳನ್ನು ಹಾಸುತ್ತಾ ಹೋದಳು.

ದೇವರಾಜು ನಿಂತ. ಅವನ ತಾಯಿ ಮನೆಯ ನಡುಮನೆಯಲ್ಲೇ ಹುಳು ಸಾಕುತ್ತಿದ್ದಳು. ತಟ್ಟೆಗಳ ಸಾಲಿನ ಕೆಳಗೆ ಚಾಪೆ ಹಾಸಿಕೊಂಡು ಮಲಗುತ್ತಿದ್ದ ಮಕ್ಕಳಿಗೆ ಹುಳು ಸೊಪ್ಪು ತಿನ್ನುವ ಸದ್ದೇ ಜೋಗುಳ. ಈ ಹೊತ್ತಿನಲ್ಲಿ, ಈ ಹಸಿವಿನಲ್ಲಿ, ಸೊಪ್ಪು ಬಿದ್ದ ಕೂಡಲೇ ಮನೆ ತುಂಬ ಸದ್ದು ಏಳಬೇಕು. ಅವನು ಕಾದ. ಹುಳುಗಳು ಎಲೆಯ ಅಂಚನ್ನು ಹಿಡಿದು ತಲೆಯನ್ನು ಮೇಲಿಂದ ಕೆಳಕ್ಕೆ, ಮೇಲಿಂದ ಕೆಳಕ್ಕೆ ಆಡಿಸುತ್ತಿದ್ದವು. ಎಲೆಗಳು ಕಣ್ಣೆದುರೇ ಕರಗುತ್ತಿದ್ದವು. ಇನ್ನೂ ಹತ್ತಿರ ಬಗ್ಗಿ, ಕಿವಿಯನ್ನು ಸೊಪ್ಪಿಗೆ ತಾಗುವಷ್ಟು ಹತ್ತಿರ ತಂದ.

"ಪ್ರತಿಮಾ, ಸದ್ದು ಬತ್ತಾ ಐತಾ?"

ಅವಳಿಗೆ ಏನು ಕೇಳುತ್ತಿದ್ದಾನೆಂದು ಮೊದಲು ತಿಳಿಯಲಿಲ್ಲ. ಆಮೇಲೆ ಅವನ ಮುಖ ನೋಡಿ, ಸೊಪ್ಪು ಕೆಳಗಿಟ್ಟು, ಹತ್ತಿರ ಬಂದು ಹೇಳಿದಳು: "ಬತ್ತಾ ಐತೆ ಬಾವ. ಜೋರಾಗೇ ಬತ್ತಾ ಐತೆ, ಮಳೆ ಉಯ್ದಂಗೆ."

ಅವನು ತಲೆಯಾಡಿಸಿದ. ಹೊರಗೆ ಬಂದು ಹೊಸ್ತಿಲಿನ ಕಲ್ಲಿನ ಮೇಲೆ ಕೂತ. ಕಾರಿನ ದನಿ ಉಡುಗಿದೆ ಎನ್ನಬಹುದು, ಫೋನು ಕೆಟ್ಟಿದೆ ಎನ್ನಬಹುದು. ಈ ಹುಳುಗಳಿಗೆ ಏನು ಹೇಳುವುದು? ಪ್ರತಿಮಾ ಒಂದು ಲೋಟ ನೀರು ತಂದುಕೊಟ್ಟು, ಅವನು ಕುಡಿದು ಮುಗಿಸುವವರೆಗೂ ಪಕ್ಕದಲ್ಲೇ ನಿಂತಿದ್ದಳು.

ಮನೆಗೆ ಹೋಗಿ ಹೆಂಡತಿಗೆ ಹೇಳಿದ: "ಎಲ್ಲಿಗೆ ತೋರುಸ್ಬೇಕೋ ಕೇಳು ಭಾನುವ. ಹೋಗಾನ."

ಭಾನುಪ್ರಿಯ ರಜೆ ಹಾಕಿ ಮಾಗಡಿಯಿಂದ ಬಂದಳು. ರಾಮನಗರದಲ್ಲಿ ಕಿವಿಯ ಡಾಕ್ಟರು ಅವನನ್ನು ಒಂದು ಸಣ್ಣ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿಸಿದಾಗ ಗುಂಡಿ ಒತ್ತಿ ಎಂದು ಕೈಗೊಂದು ಗುಂಡಿ ಕೊಟ್ಟರು. ಬಹಳ ಹೊತ್ತು ಒತ್ತುವ ಸಂದರ್ಭವೇ ಬರಲಿಲ್ಲ. ಗಾಜಿನಾಚೆ ಮಗಳು ತುಟಿ ಕಚ್ಚಿಕೊಂಡು ನಿಂತದ್ದು ಕಾಣುತ್ತಿತ್ತು. ದಪ್ಪ ದನಿಗಳು ಸ್ವಲ್ಪ ಉಳಿದಿವೆ, ಸಣ್ಣ ದನಿಗಳು ಹೋಗಿವೆ ಎಂದು ಡಾಕ್ಟರು ಹೇಳಿದರು. ಕಿವಿಗೆ ಮಿಷನ್ನು ಹಾಕಿಕೊಂಡರೆ ಮಾತು ಕೇಳಿಸುತ್ತದೆ, ಎಲ್ಲವೂ ಮೊದಲಿನಂತೆ ಆಗುವುದಿಲ್ಲ ಎಂದೂ ಮುಚ್ಚುಮರೆಯಿಲ್ಲದೆ ಹೇಳಿದರು.

ಮಿಷನ್ನು ಬಂದಮೇಲೆ ಮೊದಲ ದಿನಗಳು ನರಕ. ಪ್ಲಾಸ್ಟಿಕ್ ಕವರು ಮುದುರಿದರೆ ಯಾರೋ ಸೌದೆ ಮುರಿದಂತೆ, ಕುಕ್ಕರು ಕೂಗಿದರೆ ತಲೆಯೊಳಗೇ ಕೂಗಿದಂತೆ. ತನ್ನ ಚಪ್ಪಲಿಯ ಸದ್ದಿಗೆ ತಾನೇ ತಿರುಗಿ ನೋಡುತ್ತಿದ್ದ. ಕಿತ್ತು ಮಾಡಿನ ಮೇಲೆ ಎಸೆಯುತ್ತೇನೆಂದು ದಿನಕ್ಕೊಂದು ಸಲ ಹೇಳುತ್ತಿದ್ದ, ಎಸೆಯಲಿಲ್ಲ. ಎರಡನೇ ವಾರ, ಕಾರನ್ನು ಬಹಳ ದಿನ ನಿಲ್ಲಿಸಿದ್ದೇನೆ ಎಂದು ನೆನಪಾಗಿ ಸ್ಕೂಲಿನ ಬಯಲಿಗೆ ಹೋದ. ಕಾವೇರಮ್ಮನೂ ಹಿಂದೆಯೇ ಹೋದಳು. ಒಳಗೆ ಕೂತು ಕೀಲಿ ತಿರುಗಿಸಿದವನೇ ಬೆಂಕಿ ಮುಟ್ಟಿದವನಂತೆ ಕೈ ಕಿತ್ತುಕೊಂಡ. ಮತ್ತೆ ಕೀಲಿ ಹುಡುಕಿ ಆಫ್ ಮಾಡಿ, ಹೆಂಡತಿಯ ಕಡೆ ನೋಡಿದ.

"ಇದಾ? ಇದ್ನಾ ನಾನು ದಿನಾ ಓಡುಸ್ತಿದ್ದುದು?"

ಕಾವೇರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನಿಗೆ ನಗು ಬರಲಿಲ್ಲ. "ಊರೋರೆಲ್ಲ ಏನಂದ್ಕಂಡಿರ್ತಾರೆ," ಎಂದು ಸ್ಟೇರಿಂಗಿನ ಮೇಲೆ ಹಣೆ ಇಟ್ಟುಕೊಂಡ.

ಸಮದ್ ಗ್ಯಾರೇಜಿಗೆ ಹೋಗಿ, "ನಿಂಗೆ ಅವತ್ತೇ ಗೊತ್ತಾಗಿತ್ತು ಅಲ್ವೇನಪ್ಪಾ?" ಎಂದು ಕೇಳಿದ.

"ಗೊತ್ತಾಯ್ತು ಅಣ್ಣ."

"ಹೇಳ್ಬಾರ್ದಾಗಿತ್ತಾ?"

ಸಮದ್ ಕೈಗೆ ಅಂಟಿದ್ದ ಗ್ರೀಸನ್ನು ಒರೆಸುತ್ತಲೇ ಇದ್ದ. "ಎಂಗೇಳ್ಲಿ ಅಣ್ಣ? ಅವತ್ತು ನಿಮ್ ಮೊಖ ಮದ್ವೆ ಗಂಡಿನಂಗೆ ಇತ್ತು."

ಹೆಡ್ಡರನ್ನು ಕೀಳಿಸಬೇಕೆಂದೇ ದೇವರಾಜು ಬಂದಿದ್ದ. ಆದರೆ ದಾರಿಯಲ್ಲಿ ಕಿವಿಯ ಮಿಷನ್ನು ಜೇಬಿನಲ್ಲಿಟ್ಟುಕೊಂಡು ಓಡಿಸುವಾಗ ಒಂದು ವಿಷಯ ಗಮನಿಸಿದ್ದ. ಗಾಡಿ ನಿಜವಾಗಿಯೂ ಮೊದಲಿಗಿಂತ ಚೆನ್ನಾಗಿ ಎಳೆಯುತ್ತಿತ್ತು, ದಿಣ್ಣೆಗಳಲ್ಲಿ ಏದುಸಿರು ಬಿಡುತ್ತಿರಲಿಲ್ಲ. ಇಬ್ಬರೂ ಯೋಚಿಸಿ, ಹೆಡ್ಡರನ್ನು ಹಾಗೆಯೇ ಉಳಿಸಿ, ಕೆಳಗೆ ಉದ್ದನೆಯ ಸೈಲೆನ್ಸರು, ಅದರ ಹಿಂದೆ ಇನ್ನೊಂದು ಡಬ್ಬಿ ಹಾಕುವುದೆಂದು ತೀರ್ಮಾನಿಸಿದರು. ಸಮದ್ ಬೆಸುಗೆ ಹಾಕುವುದು, ದೇವರಾಜು ಮಿಷನ್ನು ಹಾಕಿಕೊಂಡು ಕೇಳುವುದು, ಇನ್ನೂ ಜಾಸ್ತಿ ಎನ್ನುವುದು, ಮತ್ತೆ ಬಿಚ್ಚುವುದು. ಸಂಜೆಯ ಹೊತ್ತಿಗೆ ಗಾಡಿಯ ದನಿ ದಪ್ಪಗೆ, ತಗ್ಗಿ ಬಂದಿತ್ತು. ಎದುರಿನ ಗೊಂಬೆ ಅಂಗಡಿಯವರು ಹೊರಗೆ ಬರಲಿಲ್ಲ.

ಪ್ರತಿಮಾಳ ಬೆಳೆ ಪೂರ್ತಿ ಹಾಳಾಗಲಿಲ್ಲ. ಮಾಮೂಲಿಗಿಂತ ಕೊಂಚ ಇಳಿಯಿತು. ಬಿಸಿಲು ಜಾಸ್ತಿಯಾಗಿತ್ತು ಬಾವ ಎಂದಳು ಅವಳು. ಅದು ಬಿಸಿಲೋ ತನ್ನ ಗಾಡಿಯೋ ದೇವರಾಜುವಿಗೆ ಇವತ್ತಿಗೂ ಗೊತ್ತಿಲ್ಲ, ಆ ಅನುಮಾನ ಅವನ ಮನಸ್ಸಿನಿಂದ ಹೋಗಿಲ್ಲ. ಗೂಡು ಬಿಡಿಸಿದ ದಿನ ಅವಳು ಆಟೋ ಹೇಳಲು ಹೊರಟಾಗ ಅವನೇ ಅಡ್ಡ ನಿಂತು, ಹಿಂದಿನ ಸೀಟು ಕಳಚಿಟ್ಟು, ಗೂಡಿನ ಚೀಲಗಳನ್ನು ತುಂಬಿಕೊಂಡು ರಾಮನಗರದ ಮಾರುಕಟ್ಟೆಗೆ ಹೋದ. ಪ್ರತಿಮಾ ಮುಂದಿನ ಸೀಟಿನಲ್ಲಿ ಕೂತಿದ್ದಳು. ಅಂದಿನಿಂದ ಪ್ರತಿ ಬೆಳೆಗೂ ಹಾಗೆಯೇ ನಡೆದಿದೆ.

ಕಾರ್ತಿಕದಲ್ಲಿ ಕನಕಪುರದ ಕಡೆ ದೊಡ್ಡಆಲಹಳ್ಳಿಯಲ್ಲಿ ಕಾವೇರಮ್ಮನ ಅಣ್ಣನ ಮನೆಯ ಗೃಹಪ್ರವೇಶ ಬಂತು. ಗಂಡಹೆಂಡಿರಿಬ್ಬರೇ ಕಾರಿನಲ್ಲಿ ಹೊರಟರು. ಸಾತನೂರು ದಾಟುವವರೆಗೂ ಕಾವೇರಮ್ಮ ಬಾಯಿ ಮುಚ್ಚಲಿಲ್ಲ. ಇಷ್ಟು ವರ್ಷದ ರೂಢಿ, ಗಂಟಲು ಹರಿಯುವಂತೆ ಕೂಗಿ ಮಾತಾಡುತ್ತಿದ್ದಳು.

"ಒಸಿ ಮೆಲ್ಲುಕೆ ಮಾತಾಡು ಕನಮ್ಮಿ. ಪಕ್ಕದಲ್ಲೇ ಅವ್ನಿ."

ಅವಳು ಥಟ್ಟನೆ ನಿಲ್ಲಿಸಿದಳು. ಮೆಲ್ಲಗೆ ಮಾತಾಡಿ ಎಷ್ಟೋ ಕಾಲವಾಗಿತ್ತು; ಹೇಗೆ ಶುರುಮಾಡುವುದೆಂದೇ ತಿಳಿಯದೆ ಸ್ವಲ್ಪ ದೂರ ಸುಮ್ಮನೆ ಕೂತಳು. ಆಮೇಲೆ ಪಿಸುಮಾತಿನಲ್ಲಿ ಹೇಳಿದಳು: "ಅಲ್ಲಿ ಹೋದ್ಮೇಲೆ ನಮ್ಮಣ್ಣ ಹಸಿನ ವಿಚಾರ ಎತ್ತಿದ್ರೆ ಆಮ್ಯಾಕ್ ನೋಡಾನ ಅನ್ನಬ್ಯಾಡಿ. ಬೇಜಾರ್ ಮಾಡ್ಕತಾನೆ."

"ಯಾವ ಹಸ?"

"ಕೆಂದ ಹಸ. ಮನೆ ಒಕ್ಕಲಾದಾಗ ಅಣ್ಣಂಗೆ ಕೊಡ್ಲಾ ಅಂತ ಕೇಳ್ದಾಗ ಹೂಂ ಅಂದ್ರಲ್ಲ."

"ನಾನಾ? ಯಾವಾಗ?"

"ಯುಗಾದೀಲಿ. ಜಗಲಿ ಮೇಲೆ ಕೂತಿದ್ರಿ. ನಗ್ತಾ ನಗ್ತಾ ತಲೆ ಆಡುಸುದ್ರಿ."

ಕೆಂದ ಹಸು ಮನೆಯಲ್ಲೇ ಹೆಚ್ಚು ಹಾಲು ಕೊಡುವ ಹಸು. ಮುಂದೆ ದಿಣ್ಣೆ ಬಂತು. ಇಂಜಿನ್ನಿನ ದನಿ ಏರುವುದನ್ನು ಕೇಳಿಸಿಕೊಂಡು ಗೇರು ಇಳಿಸಿದ.

"ಇನ್ನೇನೇನಕ್ಕೆ ಹೂಂ ಅಂದಿವ್ನಿ ನಾನು? ಈಗ್ಲೇ ಎಲ್ಲ ಹೇಳ್ಬುಡು, ಊರು ಬರಾಕ್ ಮುಂಚೆ," ಎಂದ.

ಕಾವೇರಮ್ಮ ಸೆರಗು ಸರಿಮಾಡಿಕೊಂಡು, ಅವನ ಕಡೆಗೆ ತಿರುಗಿ ಕೂತು, ಒಂದೊಂದಾಗಿ ಹೇಳತೊಡಗಿದಳು.